ಸಹಾಯ ಬೇಕು: ಹೈಸ್ಪೀಡ್ ರೈಲಿನ ಪರಿಸರ ವರದಿ ಓದಲು ಬಲ್ಲವರಿದ್ದಾರೆಯೇ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಸ್ಯಾನ್ ಹೋಸೆಯಲ್ಲಿ, ಹಳಿಯಿಂದ ಎರಡು ಬೀದಿ ಆಚೆ. ರಾತ್ರಿ ಗೂಡ್ಸ್ ಗಾಡಿ ಹೋದರೆ ಅಡುಗೆಮನೆಯ ಸ್ಟೀಲ್ ಲೋಟಗಳು ಕಿಣಿಕಿಣಿ ಎನ್ನುತ್ತವೆ. ಇದೇ ದಾರಿಯಲ್ಲಿ ಕ್ಯಾಲಿಫೋರ್ನಿಯಾದ ಹೈಸ್ಪೀಡ್ ರೈಲೂ ಬರಲಿದೆ.

ಸ್ಯಾನ್ ಹೋಸೆ–ಮರ್ಸೆಡ್ ಭಾಗದ ಕರಡು ವರದಿ ಹೊರಬಂದದ್ದು 2020ರಲ್ಲಿ. ಮೊನಾರ್ಕ್ ಚಿಟ್ಟೆಯ ವಿಷಯ ಸೇರಿಸಲು 2021ರಲ್ಲಿ ಕರಡಿನ ಕೆಲವು ಭಾಗಗಳನ್ನು ಮತ್ತೆ ಜನರ ಮುಂದಿಟ್ಟರು (ಚಿಟ್ಟೆಗೆ ಸಿಕ್ಕ ಮರ್ಯಾದೆ ನಮ್ಮ ನಿದ್ದೆಗೂ ಸಿಗಲಿ!). 2022ರ ಏಪ್ರಿಲ್‌ನಲ್ಲಿ ಅಂತಿಮ ವರದಿಗೆ ಒಪ್ಪಿಗೆಯಾಯಿತು. ನಾವು ಮನೆ ಕೊಂಡದ್ದು ಅದಾದ ಮೇಲೆ. ಅಭಿಪ್ರಾಯ ಬರೆಯುವ ಅವಧಿ ಅಷ್ಟರಲ್ಲಿ ಮುಗಿದಿತ್ತು.

ರಾಜ್ಯದ ಸೀಕ್ವಾ, ಕೇಂದ್ರದ ನೀಪಾ, ಈ ಎರಡೂ ಪರಿಸರ ಕಾನೂನುಗಳಿಗೆ ಸೇರಿಸಿ ಬರೆದ ವರದಿಯಂತೆ. ತೆರೆದರೆ ಸಂಪುಟದ ಮೇಲೆ ಸಂಪುಟ, ತಲೆ ಗಿರ್ರೆನ್ನುತ್ತದೆ. ಸದ್ದು ಮತ್ತು ಕಂಪನ ತಗ್ಗಿಸಲು ಕೊಟ್ಟ ಮಾತುಗಳು ಎಲ್ಲಿವೆ? ಮುಂದೆ ವಿನ್ಯಾಸ ಬದಲಾದರೆ ಮರುಪರಿಶೀಲನೆ ನಡೆಯುತ್ತದೆಯೇ, ಆಗ ನಮ್ಮಂಥವರಿಗೆ ಮಾತನಾಡಲು ಅವಕಾಶವಿದೆಯೇ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಪುಟಸಂಖ್ಯೆ ಹೇಳಿದರೂ ಸಾಕು, ಉಳಿದದ್ದನ್ನು ನಾನೇ ಓದಿಕೊಳ್ಳುತ್ತೇನೆ.