ಸಹಾಯ ಬೇಕು: ಮೇಫ್ಲವರ್ ವಂಶಾವಳಿಯಲ್ಲಿ ಕಳಚಿದ ಒಂದು ಕೊಂಡಿ

ನಮಸ್ಕಾರ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂದ ಜಾನ್ ಹೌಲ್ಯಾಂಡ್ ಅವರ ವಂಶದ ಒಂದು ಕವಲನ್ನು ಜೋಡಿಸಬೇಕಿದೆ. ಮೇಲಿನ ಐದು ತಲೆಮಾರು ಅಚ್ಚಾದ ವಂಶಾವಳಿಯಲ್ಲೇ ಇವೆ. ಕೆಳಗಿನಿಂದ 1850ರ ಜನಗಣತಿವರೆಗೂ ದಾರಿ ಸಲೀಸು. ಸಿಕ್ಕು ಇರುವುದು ನಡುವೆ: 1790ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, ನ್ಯೂಯಾರ್ಕ್ ರಾಜ್ಯದ ಪಶ್ಚಿಮಕ್ಕೆ ಹೋಗಿ ನೆಲೆಸಿದ ರೈತನ ತಂದೆ ಯಾರು?

1840ರವರೆಗಿನ ಗಣತಿಗಳಲ್ಲಿ ಮನೆ ಯಜಮಾನನ ಹೆಸರಷ್ಟೇ ಇರುತ್ತದೆ, ಉಳಿದವರದು ಬರೀ ತಲೆಲೆಕ್ಕ. ನ್ಯೂಯಾರ್ಕ್‌ನಲ್ಲಿ ಜನನ-ಮರಣ ನೋಂದಣಿ ನೆಲೆಯೂರಿದ್ದು 1880ರ ನಂತರ. 1855ರ ರಾಜ್ಯ ಗಣತಿಯಲ್ಲಿ ಆ ಊರಿನಲ್ಲಿ ಎಷ್ಟು ವರ್ಷದಿಂದ ವಾಸ ಎಂಬ ಕಲಂ ಇದೆ. ಅದರಿಂದ ವಲಸೆಯ ಕಾಲ ಅಂದಾಜಾಯಿತು.

ಈಗ ಬೇಕಿರುವುದು ಮ್ಯಾಸಚೂಸೆಟ್ಸ್‌ನ ಪ್ಲಿಮತ್ ಮತ್ತು ಬ್ರಿಸ್ಟಲ್ ಕೌಂಟಿಗಳ (ಜಿಲ್ಲೆಗಳ) ಕ್ರಯಪತ್ರ ಹುಡುಕಲು ನೆರವು. ತಂದೆ ತೀರಿಕೊಂಡ ಮೇಲೆ ದೂರ ಹೋದ ಮಕ್ಕಳು ತಮ್ಮ ಪಾಲನ್ನು ಅಣ್ಣತಮ್ಮಂದಿರಿಗೆ ಮಾರುತ್ತಿದ್ದರು, ಪತ್ರದಲ್ಲಿ ಹೊಸ ಊರಿನ ಹೆಸರೂ ಬರುತ್ತಿತ್ತು. ಹಾಗಾಗಿ ಕೊಂಡವರ ಸೂಚಿಗಿಂತ ಮಾರಿದವರ ಸೂಚಿ ಮೊದಲು ನೋಡಿ. ಉಯಿಲು ಇಲ್ಲದಿದ್ದರೂ ಆಸ್ತಿ ಹಂಚಿಕೆಯ ಕಡತ ಇರಬಹುದು.

ಎರಡು ಎಚ್ಚರಿಕೆ. ಹೆಸರಿನ ಮುಂದೆ ‘ಜೂನಿಯರ್’ ಇದ್ದ ಮಾತ್ರಕ್ಕೆ ಮಗ ಎನ್ನಬೇಡಿ, ಅದೇ ಊರಿನ ಕಿರಿಯ ದಾಯಾದಿಯೂ ಆಗಿರಬಹುದು. 1752ಕ್ಕೂ ಮೊದಲು ಬ್ರಿಟಿಷ್ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದುದರಿಂದ ಜನವರಿ, ಫೆಬ್ರವರಿ ತಾರೀಖುಗಳಲ್ಲಿ ಒಂದು ವರ್ಷದ ಏರುಪೇರು ಬರುತ್ತದೆ.

ಆನ್‌ಲೈನ್ ವಂಶವೃಕ್ಷಗಳ ಲಿಂಕ್ ದಯವಿಟ್ಟು ಬೇಡ. ಒಬ್ಬರ ತಪ್ಪನ್ನು ನೂರು ಜನ ನಕಲು ಮಾಡಿರುತ್ತಾರೆ. ಸಂಪುಟ, ಪುಟಸಂಖ್ಯೆ ಸಮೇತ ಮೂಲಪತ್ರದ ಚಿತ್ರ ಕಳಿಸಿದರೆ ಉಪಕಾರ. ಬೋಸ್ಟನ್ ಕಡೆ ಇರುವ ಕನ್ನಡಿಗರು ಯಾರಾದರೂ ಇದ್ದೀರಾ?