ವಂಶವಾಹಿ ತೆಗೆದ ಬ್ಯಾಕ್ಟೀರಿಯಾ ‘ಕುಲಾಂತರಿ’ಯೇ?

ಗೆಳೆಯರೇ, ನಮಸ್ಕಾರ.

ದಾವಣಗೆರೆ ಸುತ್ತಿನ ರೈತರಿಗಾಗಿ ಜೀವಾಣು ಗೊಬ್ಬರದ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ವಂಶವಾಹಿ (ಜೀನ್) ಬದಲಾಯಿಸಿದ ಸೂಕ್ಷ್ಮಜೀವಿಗಳ ಅಪಾಯದ ಮಾತು ಕೊನೆಗೆ ಬರುತ್ತದೆ. ಅಲ್ಲಿ ಪದಕ್ಕೆ ತಡಕಾಡುತ್ತಿದ್ದೇನೆ.

‘ಕುಲಾಂತರಿ’ ಎಂಬ ಪದ ಪತ್ರಿಕೆ ಓದುವವರಿಗೆಲ್ಲ ಗೊತ್ತು. 2002ರಲ್ಲಿ ಅನುಮತಿ ಸಿಕ್ಕ ಬಿಟಿ ಹತ್ತಿಗೆ ಅದು ಚೆನ್ನಾಗಿ ಕೂರುತ್ತದೆ. ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ ಹತ್ತಿಗೆ ಬಂತು, ಕುಲ ದಾಟಿತು. ಆದರೆ 1987ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲಕ್ಕೆ ಸಿಂಪಡಿಸಿದ ‘ಐಸ್ ಮೈನಸ್’ ಬ್ಯಾಕ್ಟೀರಿಯಾ ನೋಡಿ. ಎಲೆಯ ಮೇಲೆ ಹಿಮ ಕಟ್ಟಲು ನೆರವಾಗುವ ವಂಶವಾಹಿಯನ್ನು ಅದರಿಂದ ತೆಗೆದಿದ್ದರು, ಅಷ್ಟೇ. ಇಲ್ಲಿ ಯಾವ ಕುಲ ದಾಟಿತು? (ಸಿಂಪಡಿಸಿದವರು ಮಾತ್ರ ಚಂದ್ರನ ಮೇಲೆ ಇಳಿದವರ ಹಾಗೆ ಮೈತುಂಬ ಉಡುಪು ತೊಟ್ಟಿದ್ದರು. ಆ ಫೋಟೊ ನೋಡಿದರೆ ಸ್ಟ್ರಾಬೆರಿಯೇ ಬೇಡ ಅನಿಸುತ್ತದೆ.)

ಇದು ಸುಮ್ನೆ ಪದದ ಜಗಳ ಅಲ್ಲ. ವಂಶವಾಹಿ ಬದಲಾಯಿಸಿದ ಜೀವಿಗಳ ಬಗೆಗಿನ ನಮ್ಮ ದೇಶದ 1989ರ ನಿಯಮಗಳಲ್ಲಿ ವಂಶವಾಹಿ ಸೇರಿಸಿದ್ದೂ ಬರುತ್ತದೆ, ತೆಗೆದದ್ದೂ ಬರುತ್ತದೆ. ‘ಕುಲಾಂತರಿಗೆ ಅನುಮತಿ ಬೇಕು’ ಎಂದಷ್ಟೇ ಬರೆದರೆ, ತೆಗೆದದ್ದಕ್ಕೆ ಬೇಡ ಎಂದು ಓದಿಕೊಳ್ಳಬಹುದು, ಅಲ್ವಾ? ‘ವಂಶವಾಹಿ ತಿದ್ದಿದ’ ಎಂದು ಹಾಕಿ ನೋಡಿದೆ. ಮೇಷ್ಟ್ರು ಕಾಪಿ ತಿದ್ದಿದ ಹಾಗೆ, ಮೊದಲು ತಪ್ಪಿತ್ತು ಎಂಬ ಅರ್ಥ ಬರುತ್ತದೆ. ‘ಮಾರ್ಪಡಿಸಿದ’ ಸಪ್ಪೆ, ಆದರೆ ಸುಳ್ಳು ಹೇಳಲ್ಲ. ನನ್ನ ಒಲವು ಸದ್ಯಕ್ಕೆ ಅದರ ಕಡೆಗೇ.

ಇನ್ನೊಂದು ತೊಡಕು, ಇಂಥ ಸೂಕ್ಷ್ಮಜೀವಿಯನ್ನು ಲ್ಯಾಬಿನಿಂದ ಹೊರಗೆ ಬಿಡುವುದಕ್ಕೆ ಹೇಳುವ ‘ಪರಿಸರಕ್ಕೆ ಬಿಡುಗಡೆ’ ಎಂಬ ಮಾತು. ನಮ್ಮಲ್ಲಿ ಭದ್ರಾ ನಾಲೆಗೆ ನೀರು ಬಿಡುತ್ತಾರೆ. ಗೇಟು ಇಳಿಸಿದರೆ ನಿಂತಿತು. ಸೂಕ್ಷ್ಮಜೀವಿ ಹಾಗಲ್ಲ. ಮಣ್ಣಿನಲ್ಲಿ ಬದುಕಿಕೊಂಡರೆ ತಾನೇ ಹೆಚ್ಚುತ್ತದೆ, ವಾಪಸ್ ಕರೆಸಿಕೊಳ್ಳಲು ಆಗಲ್ಲ. ಜೊತೆಗೆ ತನ್ನ ವಂಶವಾಹಿಯನ್ನು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಹಾಗೆ ನೋಡಿದರೆ ಬ್ಯಾಕ್ಟೀರಿಯಾಗಳು ಯಾವ ಲ್ಯಾಬೂ ಇಲ್ಲದೆ ಹುಟ್ಟಾ ಕುಲಾಂತರಿಗಳು!

ಕರಡು ಓದಿದ ಪಕ್ಕದ ಮನೆಯ ಅಜ್ಜಿ, “ಹಂಗಾದ್ರೆ ಹೆಪ್ಪು ಹಾಕಿದಂಗೆ ಅನ್ನಪ್ಪ” ಎಂದರು. ಒಂದು ಚಮಚ ಹಾಕಿದರೆ ಪಾತ್ರೆ ಹಾಲೆಲ್ಲ ಮೊಸರು. ಮತ್ತೆ ಹಾಲಾಗುವುದು ಉಂಟೇ? ನನಗಂತೂ ‘ಬಿಡುಗಡೆ’ಗಿಂತ ಇದೇ ಜಾಸ್ತಿ ಹಿಡಿಸಿತು. ಆದರೆ ಹೆಪ್ಪು ಅಂದ ಕೂಡಲೇ ಮೊಸರನ್ನದ ನೆನಪು ಬರುತ್ತದೆ, ಅಪಾಯದ್ದಲ್ಲ. ನಿಮ್ಮ ಕಡೆ ಬೇರೆ ಮಾತಿದ್ದರೆ ಭಾನುವಾರದೊಳಗೆ ತಿಳಿಸಿ. ಸೋಮವಾರ ಪ್ರೆಸ್‌ಗೆ ಕೊಡಬೇಕು.