8 ಜಿಬಿ ಇಮೇಜಲ್ಲಿ ಮಾತ್ರ ತಪ್ಪು ಡೇಟಾ, ಇಂಟ್ ಟೈಪ್ ಸಮಸ್ಯೆನಾ?

ಇನೋಡ್_ಹುಡ್ಗ:
ಕಲಿಯೋಕೆ ಅಂತ ಸಿ ನಲ್ಲಿ ಒಂದು ಇಎಕ್ಸ್‌ಟಿ2 (ಲಿನಕ್ಸಿನ ಹಳೇ ಫೈಲ್ ಸಿಸ್ಟಮ್) ರೀಡರ್ ಬರೀತಿದೀನಿ. 1 ಜಿಬಿ ಇಮೇಜಲ್ಲಿ (ಇಡೀ ಡಿಸ್ಕನ್ನೇ ಒಂದು ಫೈಲ್ ಮಾಡಿಟ್ಟಿದ್ದು) ಎಲ್ಲಾ ಪಕ್ಕಾ. 8 ಜಿಬಿ ಇಮೇಜ್ ಕೊಟ್ರೆ ಮೊದ್ಲು ಕಾಪಿ ಮಾಡಿದ್ ಫೈಲ್‌ಗಳು ಸರಿ ಬರ್ತವೆ, ಕೊನೇಲಿ ಹಾಕಿದ್ದು ಬರೀ 2 ಎಂಬಿ ಪಿಡಿಎಫ್ ಆದ್ರೂ ಒಳಗೆ ಇನ್ಯಾವ್ದೋ ಫೈಲಿನ ಡೇಟಾ. ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಬ್ಲಾಕ್ ನಂಬರು, ಬ್ಲಾಕ್ ಸೈಜು (4096) ಎರಡೂ 32 ಬಿಟ್ ಅನ್‌ಸೈನ್ಡ್ (ಮೈನಸ್ ಇಲ್ಲದ ಅಂಕಿ), ಗುಣಿಸಿದ್ದನ್ನ 64 ಬಿಟ್ ಆಫ್‌ಸೆಟ್ಟಿಗೇ (ಶುರುವಿಂದ ಎಷ್ಟನೇ ಬೈಟ್ ಅನ್ನೋ ಲೆಕ್ಕ) ಹಾಕ್ತಿದೀನಲ್ಲ, ಮತ್ಯಾಕೆ ಹಿಂಗೆ? ಎರಡು ದಿನದಿಂದ ತಲೆ ಕೆಟ್ಟೋಗಿದೆ.

ಹಳೇ_ಡಿಸ್ಕು:
ಸುರಿಯೋ ಹಂಡೆ ದೊಡ್ಡದಿದ್ರೆ ಏನ್ ಬಂತು ಗುರು, ಅಳೆಯೋ ಸೇರೇ ಚಿಕ್ಕದು. ಗುಣಾಕಾರ ನಡೆಯೋದು 32 ಬಿಟ್ಟಲ್ಲೇ, ಉತ್ತರ ತುಂಡಾದ್ಮೇಲೆ 64ಕ್ಕೆ ಹೋಗಿ ಕೂರತ್ತೆ. 10,48,576ನೇ ಬ್ಲಾಕ್ ಅಂದ್ರೆ ಸರಿಯಾಗಿ 4 ಜಿಬಿ, ಅಲ್ಲಿಂದ ಲೆಕ್ಕ ವಾಪಸ್ ಸೊನ್ನೆ, ಅದಕ್ಕೇ ಇಮೇಜಿನ ಶುರುವಲ್ಲಿರೋ ಫೈಲ್ ಕಾಣ್ತಿರೋದು. ಅನ್‌ಸೈನ್ಡ್ ಸುತ್ತೋದು ಸಿ ಪ್ರಕಾರ ತಪ್ಪೇ ಅಲ್ಲ, ಕಂಪೈಲರ್ ಯಾಕ್ ಬಾಯಿ ಬಿಡತ್ತೆ. ಗುಣಿಸೋಕ್ ಮುಂಚೆನೇ ಒಂದನ್ನ 64ಕ್ಕೆ ಕಾಸ್ಟ್ ಮಾಡು, ಅಂದ್ರೆ ಟೈಪ್ ಬದಲಾಯಿಸು.

ಸುಮ್ನೆ_ಕೂತವ:
ಕಾಸ್ಟ್ ಒಂದ್ ಕಡೆ ಹಾಕ್ತಾನೆ, ನಾಲ್ಕು ಕಡೆ ಮರೀತಾನೆ. ನನ್ ಪ್ರಕಾರ ಬ್ಲಾಕ್ ನಂಬರಿಗೆ ಒಂದು ಟೈಪ್, ಬೈಟ್ ಆಫ್‌ಸೆಟ್ಟಿಗೆ ಒಂದು ಟೈಪ್, ಒಂದರಿಂದ ಇನ್ನೊಂದಕ್ಕೆ ಹೋಗೋಕೆ ಒಂದೇ ಫಂಕ್ಷನ್. ಟೈಪ್‌ಡೆಫ್ ಸಾಲಲ್ಲ, ಅದು ಬರೀ ಅಡ್ಡಹೆಸರು, ಬೆರೆಸಿದ್ರೂ ಕಂಪೈಲರ್ ಕೇಳಲ್ಲ. ಸ್ಟ್ರಕ್ಟ್ ಒಳಗೆ ಹಾಕಿದ್ರೆ ಅದು ಬೇರೇನೇ ಟೈಪ್, ಬೆರೆಸಿದ್ರೆ ತಕ್ಷಣ ಬೈಯತ್ತೆ. ಲಿನಕ್ಸಲ್ಲೇ ನೋಡಿ, ಸೆಕ್ಟರ್ ಅಂದ್ರೆ 512 ಬೈಟ್ ಲೆಕ್ಕ, ಫೈಲ್ ಸಿಸ್ಟಮ್ ಬ್ಲಾಕ್ ಸಾಮಾನ್ಯವಾಗಿ 4096, ಎರಡೂ ಬರೀ ಅಂಕಿ, ಅದಲು ಬದಲಾದ್ರೆ ಗೊತ್ತೇ ಆಗಲ್ಲ.

ಹಳೇ_ಡಿಸ್ಕು:
ಕಲಿಯೋ ಪ್ರಾಜೆಕ್ಟಿಗೆ ಸ್ಟ್ರಕ್ಟ್ ಎಲ್ಲ ಜಾಸ್ತಿ ಆಯ್ತು ಮಾರಾಯ.

ಕರ್ನಲ್_ಕಾಫಿ:
ಜಾಸ್ತಿ ಏನಲ್ಲ. 2021ರ ಜುಲೈಲಿ ಕ್ವಾಲಿಸ್ ಅನ್ನೋ ಸೆಕ್ಯುರಿಟಿ ಕಂಪನಿಯವ್ರು ಸಿಕೋಯ ಅಂತ ಒಂದು ಬಗ್ ಹೊರಗೆ ಹಾಕಿದ್ರು, ಲಿನಕ್ಸಿನ ಫೈಲ್ ಸಿಸ್ಟಮ್ ಕೋಡಲ್ಲೇ ಇದ್ದಿದ್ದು, ಸೈಜ್_ಟಿ (ಸೈಜ್ ಇಡೋ ಅನ್‌ಸೈನ್ಡ್ ಟೈಪ್) ವ್ಯಾಲ್ಯೂನ ಇಂಟ್ (ಮೈನಸ್ಸೂ ಹಿಡಿಯೋ, ಚಿಕ್ಕ ಟೈಪ್) ತಗೊಳೋ ಫಂಕ್ಷನ್ನಿಗೆ ಕೊಟ್ಟಿದ್ರು ಅಷ್ಟೇ. ಒಟ್ಟು ಪಾತ್ 1 ಜಿಬಿ ಮೀರೋ ಹಂಗೆ ಡೈರೆಕ್ಟರಿ ಒಳಗೆ ಡೈರೆಕ್ಟರಿ ಮಾಡಿ, ಮೌಂಟ್ ಮಾಡಿ, ಅಳಿಸಿ, ಮೌಂಟ್ ಪಟ್ಟಿ ಓದಿದ್ರೆ ಆ ಅಂಕಿ ನೆಗೆಟಿವ್ ಆಗಿ, ಬಫರಿಗಿಂತ ಹಿಂದೆ ಹೋಗಿ ಬರೀತಿತ್ತು. ಮಾಮೂಲಿ ಯೂಸರ್ ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗ್ಬಿಡ್ತಿದ್ದ. 2014ರಿಂದ ಯಾರ್ ಕಣ್ಣಿಗೂ ಬಿದ್ದಿರ್ಲಿಲ್ಲ.

ಇನೋಡ್_ಹುಡ್ಗ:
ಸರಿಹೋಯ್ತು!! ಗುಣಿಸೋ ಜಾಗ ಏಳಿತ್ತು, ಎಲ್ಲಾ ಒಂದೇ ಫಂಕ್ಷನ್ನಿಗೆ ತಂದೆ. ಹುಡುಕ್ತಾ ಇನ್ನೊಂದೂ ಸಿಕ್ತು, ರೀಡ್ ಫಂಕ್ಷನ್ ಕೊಡೋ ಉತ್ತರಾನ (ಎರರ್ ಆದ್ರೆ -1) ಮೈನಸ್ ಇಲ್ಲದ ಸೈಜ್_ಟಿ ಲಿ ಇಟ್ಕೊಂಡು ಸೊನ್ನೆಗಿಂತ ಕಮ್ಮಿನಾ ಅಂತ ಚೆಕ್ ಮಾಡ್ತಿದ್ದೆ 😅 ಎರರ್ ಯಾಕ್ ಬರಲ್ಲ ಅಂತ ಈಗ ಗೊತ್ತಾಯ್ತು.